ಗಾದ್ರಮ್ಮ ಅಳಲಿಲ್ಲ

ಸಂಧ್ಯಾರಾಣಿ ಅಂಟಿಸಿದ ಭಿತ್ತಿಪತ್ರಕ್ಕೆ ಜಗಳೂರು ಸೀಮೆಯ ಹಳ್ಳಿಯೊಂದರಲ್ಲಿ ಅರಿಶಿನ ಕುಂಕುಮ ಹಚ್ಚಿದ್ದರು. ಹೆಡೆಯೆತ್ತಿದ ನಾಗರಹಾವಿನ ದೊಡ್ಡ ಚಿತ್ರ, ಕೆಳಗೆ ‘ಹಾವು ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ’ ಎಂಬ ಬರಹ. ಬರಹ ಯಾರಿಗೂ ಬೇಕಾಗಿರಲಿಲ್ಲ. ನಾಗಪ್ಪನ ಮುಂದೆ ಊದುಬತ್ತಿ ಉರಿಯುತ್ತಿತ್ತು.

ಗೋವಿನಕೋವಿಯ ನಿರ್ಮಲಮ್ಮನ ಮಗಳು ಸಂಧ್ಯಾರಾಣಿಗೆ ಮಾತು ಹುಟ್ಟಿನಿಂದಲೇ ಒಲಿದಿತ್ತು. ಹೊನ್ನಾಳಿಯ ಕಾಲೇಜಿನಲ್ಲಿ ಯಾವ ಕಾರ್ಯಕ್ರಮವಿದ್ದರೂ ಮೈಕು ಅವಳ ಕೈಯಲ್ಲೇ. ಆಮೇಲೆ ಕೆಲವು ವರ್ಷ ಪತ್ರಿಕೆಯೊಂದರ ವರದಿಗಾರ್ತಿ. ಈಗ ಹಾವು ಕಡಿತದ ಸಾವು ತಪ್ಪಿಸಲು ಹೊರಟ ಟ್ರಸ್ಟಿನಲ್ಲಿ ಪ್ರಚಾರದ ಹೊಣೆ. ಭಿತ್ತಿಪತ್ರವೂ ಅವಳದೇ ಯೋಚನೆ. ಅದರ ಗತಿ ನೋಡಿ ಅಲ್ಲೇ ನಿಂತು ನಕ್ಕುಬಿಟ್ಟಳು. ಪೂಜೆಯಾದದ್ದನ್ನು ಹಾಗೇ ಬಿಟ್ಟು ಉಳಿದವನ್ನೆಲ್ಲ ತೆಗೆಸಿದಳು.

“ಮತ್ತೇನು ಮಾಡ್ತೀರಿ?” ಎಂದು ಟ್ರಸ್ಟಿನ ಮುಖ್ಯಸ್ಥ ವಿನಯ್ ಕುಮಾರ್ ಕೇಳಿದರು.

“ಚಿತ್ರ ಬ್ಯಾಡ ಸಾರ್. ಬದುಕಿ ಬಂದೋರ ಬಾಯಲ್ಲೇ ಹೇಳಿಸ್ತೀನಿ.”

ಹಾಗೆ ಹುಡುಕಿದಾಗ ಸಿಕ್ಕವಳು ಕುರಿ ಕಾಯುವ ಗಾದ್ರಮ್ಮ. ಹಿಂದಿನ ವರ್ಷ ಮೆಕ್ಕೆಜೋಳ ಮುರಿಯುವಾಗ ಅವಳ ಕೈಗೆ ಹಾವು ಕಚ್ಚಿತ್ತು. ಜತೆಗೆ ಬಂದಿದ್ದ ಫೋಟೊಗ್ರಾಫರ್, ಸೆರಗನ್ನು ಕಣ್ಣಿಗೊತ್ತಿಕೊಳ್ಳುವಂತೆ ಅವಳಿಗೆ ಹೇಳಿದ.

“ನಾನ್ಯಾಕಪ್ಪ ಅಳಲಿ? ಬದುಕೀನಲ್ಲ!” ಎಂದು ಗಾದ್ರಮ್ಮ ಜಬರಿಸಿದಳು.

ಸಂಧ್ಯಾರಾಣಿ ವಿನಯ್ ಕುಮಾರ್‌ಗೆ ಫೋನ್ ಮಾಡಿದಳು. “ಅಳೋ ಫೋಟೊ ಬರಲ್ಲ ಸಾರ್.”

“ದಾನಿಗಳಿಗೆ ಏನು ತೋರಿಸೋದು?”

“ಬದುಕಿದ್ದನ್ನ ತೋರಿಸೋಣ. ಜವಾಬ್ದಾರಿ ನಂದು.”

ವಾರದೊಳಗೆ ಟ್ರಸ್ಟಿನ ಆಟೊ ಹಳ್ಳಿಹಳ್ಳಿ ತಿರುಗಿತು. ಮೈಕಿನಲ್ಲಿ ಗಾದ್ರಮ್ಮನದೇ ದನಿ: “ನಂಗೆ ಹುಳ ಮುಟ್ಟಿದಾಗ ಕಟ್ಟಲಿಲ್ಲ, ಕೊಯ್ಯಲಿಲ್ಲ. ಕೈ ಅಳ್ಳಾಡಿಸದಂಗೆ ಕೂರಿಸ್ಕಂಡು ನನ್ನ ಅಳಿಯ ದವಾಖಾನಿಗೆ ಕರ್ಕಂಡು ಹೋದ. ಸೂಜಿ ಹಾಕಿದ್ರು. ಈಗ ಕುರಿ ಹಿಂದೆ ಓಡ್ತೀನಿ, ನೋಡ್ರಿ!” ಹಾವಿನ ಹೆಸರನ್ನೆತ್ತದೆ ‘ಹುಳ’ ಎಂದದ್ದಕ್ಕೇ ಜನ ಕಿವಿಗೊಟ್ಟರು. ಹೇಳುವವಳು ನಮ್ಮವಳು ಎನ್ನಿಸಿತು.

ಇನ್ನೊಂದು ಬಾಗಿಲು ಉಳಿದಿತ್ತು. ಹಾವು ಕಚ್ಚಿದವರು ಮೊದಲು ಓಡುತ್ತಿದ್ದದ್ದು ಮಂತ್ರ ಹಾಕುವ ತಿಪ್ಪೇಶಪ್ಪನ ಮನೆಗೆ. ದೂರು ಕೊಡೋಣ ಎಂದರು ಟ್ರಸ್ಟಿನವರು. ಸಂಧ್ಯಾರಾಣಿ ನೇರವಾಗಿ ಅವನ ಜಗಲಿಗೇ ಹೋಗಿ ಕೂತಳು.

“ಮಂತ್ರ ಬಿಡು ಅಂತ ಹೇಳಾಕೆ ಬಂದ್ಯೇನವ್ವ?”

“ಇಲ್ರೀ ಯಜಮಾನ್ರೆ. ಮಂತ್ರ ಗಾಡಿ ಒಳಗೆ ಕುಂತು ಹೇಳ್ರಿ ಅಂತ ಕೇಳಾಕೆ ಬಂದೆ. ಗಾಡಿ ಮಾತ್ರ ಆಸ್ಪತ್ರೆ ಕಡೆಗೆ ಓಡ್ತಿರಲಿ.”

ಮುದುಕ ವೀಳ್ಯದೆಲೆಯ ನಾರು ತೆಗೆದ. “ಎಲ್ಲಾರೂ ಉಳಿಯಲ್ಲ ಅಂತ ನಂಗೂ ಗೊತ್ತೈತೆ. ಆದ್ರೆ ಬಾಗಿಲಿಗೆ ಬಂದೋರನ್ನ ಹೋಗ್ರಿ ಅಂತ ಹೆಂಗೆ ಅನ್ಲಿ?”

“ಹೋಗ್ರಿ ಅನ್ನಬ್ಯಾಡ್ರಿ. ನಡೀರಿ ಅನ್ರಿ. ಜತಿಗೆ ನೀವೂ ಹೋಗ್ರಿ.”

ತಿಪ್ಪೇಶಪ್ಪ ಎಲೆ ಮಡಿಸಿ ಬಾಯಿಗಿಟ್ಟುಕೊಂಡ.

ಶೇಂಗಾ ಕೀಳುವ ಕಾಲಕ್ಕೆ ತಿಮ್ಮೇಶ್ ಎಂಬ ರೈತನ ಹಿಮ್ಮಡಿಗೆ ಹಾವು ಕಚ್ಚಿತು. ಮನೆಯವರು ಅವನನ್ನು ಎತ್ತಿಕೊಂಡು ತಿಪ್ಪೇಶಪ್ಪನಲ್ಲಿಗೇ ಬಂದರು. ಮುದುಕ ಹೊಸಿಲಲ್ಲೇ ತಡೆದು, “ಇಳಿಸಬ್ಯಾಡ್ರಿ, ನಡೀರಿ!” ಎಂದ. ನೂರಾ ಎಂಟಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬಂದಾಗ ತಾನೂ ಹತ್ತಿ, ದಾರಿಯುದ್ದಕ್ಕೂ ತಿಮ್ಮೇಶನ ತಲೆ ಸವರುತ್ತ ಮಂತ್ರ ಮಣಮಣಿಸಿದ. ವೈದ್ಯರು ಸಕಾಲಕ್ಕೆ ಚುಚ್ಚುಮದ್ದು ಕೊಟ್ಟರು.

ಮರುದಿನ ಸಂಧ್ಯಾರಾಣಿಗೆ ತಿಪ್ಪೇಶಪ್ಪನ ಫೋನ್ ಬಂತು. “ತಿಮ್ಮೇಶ ಗಂಜಿ ಕುಡಿದ ಕಣವ್ವ. ನಿನ್ನ ಮೈಕಿನಾಗೆ ನಾನೂ ಒಂದು ಮಾತು ಹೇಳ್ಲೇನು?” ಅವಳು ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಬಸ್ ನಿಲ್ದಾಣಕ್ಕೆ ಹೊರಟಳು.

ಗಾದ್ರಮ್ಮ, ತಿಪ್ಪೇಶಪ್ಪರ ದನಿಗಳನ್ನೇ ಚನ್ನಗಿರಿಯಲ್ಲೂ ಹಾಕಿಸೋಣ ಎಂದರು ವಿನಯ್ ಕುಮಾರ್.

“ಗಾದ್ರಮ್ಮ ಅಲ್ಲಿಯೋರಿಗೆ ಯಾರು ಸಾರ್? ಅಲ್ಲಿಯೋರನ್ನೇ ಹುಡುಕ್ತೀನಿ.”

ಅವರು ಈ ಸಲ ಕೂಡಲೇ ಒಪ್ಪಿದರು. ಮುಂದಿನ ಸೋಮವಾರ ಸಂಧ್ಯಾರಾಣಿ ಚನ್ನಗಿರಿ ಬಳಿಯ ಊರೊಂದರಲ್ಲಿ, ಅಡಿಕೆ ಸುಲಿಯುವ ಹೆಂಗಸರ ನಡುವೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. “ಹುಳ ಮುಟ್ಟಿ ಬದುಕಿದೋರು ಯಾರಿದೀರ್ರೀ ಇಲ್ಲಿ?” ಎಂದಳು. ಉಡಚಮ್ಮ ಎಂಬಾಕೆ ಸುಲಿಯುವುದನ್ನು ನಿಲ್ಲಿಸಿ, ಸೀರೆಯನ್ನು ತುಸು ಮೇಲೆತ್ತಿ ಕಣಕಾಲಿನ ಕಲೆ ತೋರಿಸಿದಳು.