ಫೋನಿಗೆ ಕೇಳಿಸದ ಉಸಿರು

ಕೊರೊನಾ ತಗ್ಗಿದ ಮರುವರ್ಷದ ಚಳಿಗಾಲ. ಆಗ ನಾನು ಯಾದಗಿರಿಯಲ್ಲಿ ಮಕ್ಕಳ ವೈದ್ಯ. ಒಂದು ಮಧ್ಯಾಹ್ನ ಬಳಿಚಕ್ರ ಊರಿನ ಆರೋಗ್ಯ ಕೇಂದ್ರದಿಂದ ನರ್ಸ್ ಶರಣಮ್ಮ ಫೋನ್ ಮಾಡಿದರು. ಅವರ ಮುಂದೆ ಎರಡು ವರ್ಷದ ಭಾಗ್ಯ ಉಸಿರಿಗಾಗಿ ಒದ್ದಾಡುತ್ತಿದ್ದಳು.

"ವೀಜ್ ಅದ್ರಿ ಸರ್. ನೆಬುಲೈಸರ್ ಹಚ್ಚಲೇನ್ರಿ?"

ವೀಜ್ ಎಂದರೆ ಉಸಿರು ಬಿಡುವಾಗ ಎದೆಯ ಸಣ್ಣ ಕೊಳವೆಗಳಿಂದ ಬರುವ ಸೀಟಿಯಂಥ ಸದ್ದು. ಹೆಚ್ಚಾಗಿ ದಮ್ಮಿನದು, ನೆಬುಲೈಸರಿನಿಂದ ಔಷಧದ ಆವಿ ಕೊಟ್ಟು ಅಲ್ಲೇ ಕಾಯಬಹುದು. ಸ್ಟ್ರೈಡರ್ ಎಂಬ ಇನ್ನೊಂದಿದೆ: ಉಸಿರು ಎಳೆಯುವಾಗ, ಮೇಲಿನ ಶ್ವಾಸನಾಳದಲ್ಲಿ. ಅದಾದರೆ ಅಲ್ಲೇನಾದರೂ ಸಿಕ್ಕಿಕೊಂಡಿರಬಹುದು, ಕಾಯುವಂತಿಲ್ಲ. ಎರಡೂ ಕೀರಲು. ನಾನು ಓದಿದ ಇಂಗ್ಲಿಷ್ ಪಠ್ಯದಲ್ಲಿ ಎರಡಕ್ಕೂ ಒಂದೇ ವಿಶೇಷಣ: ಹೈ-ಪಿಚ್ಡ್.

ವಿಡಿಯೊಗೆ ನೆಟ್‌ವರ್ಕ್ ಸಾಲದು. ಫೋನನ್ನು ಮಗುವಿನ ಬಾಯಿಗೆ ಹಿಡಿಸಿದೆ, ಏನೂ ಕೇಳಲಿಲ್ಲ. ಮೊಬೈಲು ಉಸಿರನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ವಿಸಲ್ ಥರವೇ, ಸ್ಕ್ವೀಕ್ ಥರವೇ ಎಂದೆಲ್ಲ ಕೇಳಿದೆ. ಎಲ್ಲಕ್ಕೂ ಅವರು ಹೌದೆಂದರು.

"ಇಂಗ್ಲಿಷ್ ಬಿಡ್ರಿ ಶರಣಮ್ಮ. ಹೆಂಗ ಬರ್ತದ, ಮಾಡಿ ತೋರಸ್ರಿ."

ನಮ್ಮ ಕಡೆ ಸದ್ದನ್ನು ಯಾರೂ ವರ್ಣಿಸುವುದಿಲ್ಲ, ಹೊರಡಿಸುತ್ತಾರೆ. ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್‌ನ ಮುಂದೆ ಬಾಯಲ್ಲೇ ಓಡಿಸಿ ತೋರಿಸುತ್ತಾರೆ. ಆದರೆ ಡಾಕ್ಟರ ಮುಂದೆ ಶರಣಮ್ಮ ನಾಚಿದರು. ಯಾರೋ ಫೋನ್ ಕಸಿದಂತಾಯಿತು.

"ನಾ ಅಕಿ ಅಜ್ಜಿ ಇದ್ದೀನ್ರಿ," ಎಂದಿತು ಒಂದು ದನಿ. ಆಮೇಲೆ ಗಟ್ಟಿಯಾಗಿ: "ಹೀಂ...ಕ್. ಹೀಂ...ಕ್."

ವೀಜ್ ಅಲ್ಲ, ಸ್ಟ್ರೈಡರ್. ಅದು ಉಸಿರು ಒಳಗೆಳೆದು ಮಾಡಿದ ಸದ್ದು.

ಮಗು ಏನು ತಿಂದಿತ್ತು ಎಂದೆ. ಹಿಂದಿನಿಂದ ಅಜ್ಜಿಯ ಸೊಸೆ, ಮಗುವಿನ ತಾಯಿಯ ಮಾತು ಕೇಳಿಸಿತು: "ಈಗರೆ ಹೇಳ್ರಿ ಅತ್ತಿ. ಸೇಂಗಾ ಬ್ಯಾಡ, ಅಕಿಗೆ ದವಡಿ ಹಲ್ಲ ಪೂರಾ ಬಂದಿಲ್ಲ ಅಂತ ನಾ ಅಂದ್ರ, 'ನನಗೂ ಇಲ್ಲ, ನಾ ತಿನ್ನಾಂಗಿಲ್ಲೇನು' ಅಂದ್ರಿ."

"ಸೇಂಗಾ ಇಳೀಲಿ ಅಂತ ರೊಟ್ಟಿ ತುತ್ತು ಕೊಟ್ಟೀನ್ರಿ," ಎಂದಳು ಅಜ್ಜಿ. "ಇನ್ನೊಂದು ತುತ್ತು ಕೈಯಾಗ ಅದ."

ಅದನ್ನು ಕೆಳಗಿಡಿಸಿದೆ. ಏನೂ ತಿನ್ನಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ, ಕೂಡಿಸಿಕೊಂಡೇ ಕರೆತನ್ನಿ, ಅಳುತ್ತಿದ್ದರೆ ಅಳಲಿ ಎಂದೆ. ಉಸಿರೂ ಅಳುವೂ ನಿಂತರೆ ಮಾತ್ರ ಮುಂದೆ ಬಾಗಿಸಿ ಬೆನ್ನಿಗೆ ಗುದ್ದಬೇಕು. ಅವರನ್ನು ಹೊತ್ತ ಅಂಬುಲೆನ್ಸು ಯಾದಗಿರಿಗೆ ಬಂದಾಗ ನಾನೂ ಹತ್ತಿದೆ. ಕಲಬುರಗಿಯವರೆಗೆ ಆ ಸದ್ದನ್ನೇ ಕಾದೆ; ನಿಂತಾಗ ಹೆದರಿದೆ, ಬಂದಾಗಲೂ ಹೆದರಿದೆ. ಅಲ್ಲಿ, ನಮ್ಮಲ್ಲಿಲ್ಲದ, ಶ್ವಾಸನಾಳಕ್ಕೆ ಇಳಿಸುವ ದುರ್ಬೀನು, ಬ್ರಾಂಕೋಸ್ಕೋಪ್, ಅರ್ಧ ಸೇಂಗಾ ಬೀಜವನ್ನು ಹೊರತೆಗೆಯಿತು. ಭಾಗ್ಯ ಉಳಿದಳು.

ಎಲ್ಲ ಇಷ್ಟು ಸರಾಗವಾಗಿ ನಡೆಯಿತೆಂದು ನನಗೇ ನಂಬಿಕೆಯಿಲ್ಲ. ಆ ಸದ್ದು ಮಾಡಿದ್ದು ತಾವೇ, ಅಜ್ಜಿ ಫೋನ್ ಮುಟ್ಟಲೇ ಇಲ್ಲ ಎನ್ನುತ್ತಾರೆ ಶರಣಮ್ಮ. ನನ್ನ ಕಿವಿಯಲ್ಲಿರುವುದು ಅಜ್ಜಿಯ ದನಿ. ಯಾರದೇ ಇರಲಿ, ಉಸಿರು ಒಳಕ್ಕೆ ಹೋದದ್ದು ಮಾತ್ರ ನಿಜ.

ಈಗ ಸದ್ದಿನ ಹೆಸರನ್ನು ನಾನು ಕೊನೆಗೆ ಕೇಳುತ್ತೇನೆ. ಮೊದಲು, ಮಾಡಿ ತೋರಿಸಿ ಎನ್ನುತ್ತೇನೆ. ತಾಯಂದಿರು ನಾಚಿ, ನಕ್ಕು, ಆಮೇಲೆ ತಮ್ಮ ಮಗುವಿನಂತೆ ಉಸಿರಾಡುತ್ತಾರೆ. ನಾನು ಕಣ್ಣು ಮುಚ್ಚಿ, ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ಆಲಿಸುತ್ತೇನೆ.