ಹತ್ತನೇ ಬೋಲ್ಟಿನ ಕೊಸರು

ಈ ಲೋಕದಲ್ಲಿ ಬಿಗಿದದ್ದೆಲ್ಲ ಒಂದಲ್ಲ ಒಂದು ದಿನ ಸಡಿಲಾಗಲೇಬೇಕು. ಹಂಪಿಯ ಆಸುಪಾಸಿನಲ್ಲಿ ಬೆಳೆದವರಿಗೆ ಸಾಮ್ರಾಜ್ಯಗಳ ಬಗ್ಗೆ ಇಂಥ ಮಾತಾಡುವ ಹಕ್ಕು ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಹೇಳುತ್ತಿರುವುದು ಮಾತ್ರ ಇಂಜಿನ್ನಿನ ಮೇಲ್ಮುಚ್ಚಳವನ್ನು ಹಿಡಿದಿಡುವ ಹೆಡ್ ಬೋಲ್ಟುಗಳ ವಿಷಯ. ಮೊನ್ನೆ ಹೊಸಪೇಟೆ ಬೈಪಾಸಿನ ಗ್ಯಾರೇಜೊಂದರಲ್ಲಿ ನನ್ನ ಕಾರು ಬಾಯಿ ತೆರೆದು ನಿಂತಿತ್ತು. ಮೆಕ್ಯಾನಿಕ್ ಟಾರ್ಕ್ ರೆಂಚು ಹಿಡಿದು ಬೋಲ್ಟು ಬಿಗಿಯುತ್ತಿದ್ದ. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ‘ಟಕ್’ ಎನ್ನುತ್ತದೆ, ಅವನು ಕೈ ತೆಗೆಯುತ್ತಾನೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಸದ್ದು ಕೇಳುತ್ತ ಕುಳಿತವಳಿಗೆ ಇದ್ದಕ್ಕಿದ್ದಂತೆ ಹುಣಸೆಹಣ್ಣಿನ ವಾಸನೆ ಬಂತು. ಅಲ್ಲೆಲ್ಲೂ ಹುಣಸೆಹಣ್ಣು ಇರಲಿಲ್ಲ.

ನಮ್ಮ ಮನೆಯಲ್ಲಿ ಪೆಟ್ರೋಲೂ ಹುಣಸೆಹಣ್ಣೂ ಒಂದೇ ಸೂರಿನಡಿ ಸಂಸಾರ ಮಾಡಿದವು. ಸಂಡೂರಿಗೆ ಹೋಗುವ ರಸ್ತೆಯ ಅಂಚಿನಲ್ಲಿ, ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಅದ್ದಿ ತೆಗೆದಂತಿದ್ದ ಮನೆ ಅದು. ಮುಂದೆ ಅಪ್ಪನ ತಗಡಿನ ಶೆಡ್ಡು, ಹಿಂದೆ ಪಡಸಾಲೆ; ಪಡಸಾಲೆಯ ತುಂಬ ಚಾಪೆಯ ಮೇಲೆ ಬೀಜ ಬಿಡಿಸಿ ಹರವಿದ ಹುಣಸೆಹಣ್ಣು. ನಡೆದಾಡುವಾಗ ಅಂಗಾಲಿಗೆ ಅಂಟುತ್ತಿತ್ತು, ಹೋಮ್‌ವರ್ಕ್ ಪುಸ್ತಕಕ್ಕೂ ಅಂಟುತ್ತಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ಅದನ್ನು ಕಮಲಾಪುರದ ಸಂತೆಗೆ ಒಯ್ದು ಮಾರುತ್ತಿದ್ದಳು. ಗಂಟು ಕಟ್ಟಿ ಕೊಕ್ಕೆಗೆ ನೇತುಹಾಕಿ ತೂಗುವ ಸ್ಪ್ರಿಂಗ್ ತಕ್ಕಡಿ ಅವಳದು. ಮುಳ್ಳು ಸರಿಯಾಗಿ ಬಂದು ನಿಂತ ಮೇಲೂ ಇನ್ನೊಂದು ಹಿಡಿ ಹಣ್ಣು ಗಂಟಿಗೆ ಸೇರುತ್ತಿತ್ತು. ಅದು ಕೊಸರು. ಕೊನೆಯ ಗಿರಾಕಿಗಂತೂ ಬುಟ್ಟಿಯ ತಳ ಬಳಿದು ಕೊಡುತ್ತಿದ್ದಳು. ಬುಟ್ಟಿ ಖಾಲಿಯಾಗಿಯೇ ಮನೆಗೆ ಬರಬೇಕೆಂಬುದು ಅವಳ ವ್ಯಾಪಾರದ ಸಂವಿಧಾನ.

ಶೆಡ್ಡಿನ ನಡುವೆ ಪೀಠ ಅಲಂಕರಿಸಿದ್ದು ಚಿಕ್ಕಪ್ಪನ ಹಳೇ ಕಾರು. ಹೊಸಪೇಟೆ, ಸಂಡೂರು, ಕಂಪ್ಲಿಯ ನಾಲ್ಕಾರು ಹುಚ್ಚರು ಸೇರಿ ವರ್ಷಕ್ಕೊಮ್ಮೆ ಸಂಡೂರು ಗುಡ್ಡದ ಏರಿನಲ್ಲಿ ಕಾರು ಓಡಿಸುವ ಪಂದ್ಯ ಇಟ್ಟುಕೊಂಡಿದ್ದರು. ಓಡಿಸುವವನು ಚಿಕ್ಕಪ್ಪ, ಇಂಜಿನ್ ಕಟ್ಟುವವನು ಅಪ್ಪ. ಟಾರ್ಕ್ ರೆಂಚು ಎಂಬುದು ನಮ್ಮಲ್ಲಿರಲಿಲ್ಲ. ಬೋಲ್ಟು ತಿರುಗಿಸುವ ಪಾನಾಕ್ಕೆ ಒಂದು ಮೀಟರ್ ಪೈಪು ತೊಡಿಸಿ, ಪೈಪಿನ ತುದಿಗೆ ಅಜ್ಜಿಯ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಮುಳ್ಳು ಎಂಟು ಕಿಲೋ ತೋರಿಸುವ ತನಕ ತಕ್ಕಡಿ ಹಿಡಿದು ಎಳೆಯುವುದು ಅಪ್ಪನ ಪದ್ಧತಿ. ಅಪ್ಪ ಎಳೆಯುತ್ತಿದ್ದ, ಚಿಕ್ಕಪ್ಪ ಮುಳ್ಳು ನೋಡುತ್ತಿದ್ದ. ಒಂದು ವರ್ಷ ಬೋಲ್ಟಿನ ಬಿಗಿ ತಪ್ಪಿ, ಏರಿನ ಅರ್ಧದಲ್ಲಿ ಹೆಡ್ಡಿನಡಿಯ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಹಾರಿ, ಕಾರು ಇಡ್ಲಿ ಪಾತ್ರೆಯಂತೆ ಹಬೆ ಬಿಡುತ್ತ ನಿಂತಿತು. ನೀ ಸರಿಯಾಗಿ ನೋಡಲಿಲ್ಲ ಎಂದು ಅಪ್ಪ, ನೀ ಸರಿಯಾಗಿ ಎಳೆಯಲಿಲ್ಲ ಎಂದು ಚಿಕ್ಕಪ್ಪ. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಆಮೇಲೆ ಒಂದು ವರ್ಷ ಎಲ್ಲ ವ್ಯವಹಾರವೂ ನನ್ನ ಅವ್ವನ ಮೂಲಕವೇ. “ಅತ್ತಿಗಿ, ನಿಮ್ಮ ಮನಿಯವ್ರಿಗೆ ಹೇಳ್ರಿ, ಪಿಸ್ಟನ್ ಬಂದಾವು,” ಎಂದು ಚಿಕ್ಕಪ್ಪ ಗಟ್ಟಿಯಾಗಿ ಹೇಳುವನು. ಅಪ್ಪ ಅಲ್ಲೇ ಎರಡು ಮಾರು ದೂರದಲ್ಲಿ ಕುಳಿತಿರುವನು. ಅವ್ವ ಇಬ್ಬರಿಗೂ ಬೇರೆ ಬೇರೆ ಚಹಾ ಒಯ್ದು ಕೊಟ್ಟು ಸೋತಿದ್ದಳು. ಈ ಸಲವೂ ಗ್ಯಾಸ್ಕೆಟ್ ಹಾರಿದರೆ ಗಾಡಿ ಮಾರಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೆಟ್ರಿ ಎಂಬ ಹಳ್ಳಿಗೆ, ಮಾವನ ಗದ್ದೆಗೆ ಹೋಗಿಬಿಡುತ್ತೇನೆಂದು ಚಿಕ್ಕಪ್ಪ ಸಾರಿದ್ದ. ಅವನ ಮಗಳು ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು. ಹಾಗಾಗಿ ಗ್ಯಾಸ್ಕೆಟ್ಟಿನ ಆರೋಗ್ಯಕ್ಕಾಗಿ ನಾವಿಬ್ಬರೂ ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆವು.

ಹೆಡ್ಡು ಕೆರೆಸಿ ಮಟ್ಟ ಮಾಡಿಸಿ, ಎರಡು ಕಾರ್ಬುರೇಟರ್ ಕೂರಿಸಿ, ಅಪ್ಪ ಇಂಜಿನ್ನನ್ನು ಹೊಸದಾಗಿ ಕಟ್ಟಿದ. ಹೊಸದಾಗಿ ಕಟ್ಟಿದ್ದು ಮೊದಲ ಸಲ ಓಡಿ ಕಾದಾಗ ಗ್ಯಾಸ್ಕೆಟ್ ಅದುಮಿಕೊಂಡು ಕೂರುತ್ತದೆ, ಬೋಲ್ಟುಗಳ ಹಿಡಿತ ತಪ್ಪುತ್ತದೆ. ಪೂರ್ತಿ ತಣ್ಣಗಾದ ಮೇಲೆ ಒಂದೊಂದನ್ನೇ ಚೂರು ಸಡಿಲಿಸಿ ಮತ್ತೆ ಬಿಗಿಯಬೇಕು, ನಡುವಿನಿಂದ ಹೊರಕ್ಕೆ. ಮೊದಲ ಬಿಗಿತವನ್ನು ಅಪ್ಪ ಒಬ್ಬನೇ ಕತ್ತು ತಿರುಚಿ ಮುಳ್ಳು ನೋಡುತ್ತ ಮುಗಿಸಿದ್ದ. ಅದರಿಂದ ಕತ್ತು ಹಿಡಿದು, ಎರಡು ದಿನ ಎಲ್ಲರನ್ನೂ ಓರೆಗಣ್ಣಿನಿಂದಲೇ ನೋಡಿದ. ಎರಡನೆಯ ಬಿಗಿತಕ್ಕೆ ಮುಳ್ಳು ನೋಡುವವರು ಬೇಕೇ ಬೇಕಾಯಿತು. ತಮ್ಮನನ್ನು ಕರೆಯುವಂತಿಲ್ಲ. ಕೊನೆಗೆ ಉಭಯ ಪಕ್ಷಗಳೂ ಒಪ್ಪಿದ ಹೆಸರು ಅಜ್ಜಿಯದು. ತೂಕದ ವಿಷಯದಲ್ಲಿ ಅವಳ ಮಾತನ್ನು ಕಮಲಾಪುರದ ಸಂತೆಯಲ್ಲೇ ಯಾರೂ ಪ್ರಶ್ನಿಸಿದ್ದಿಲ್ಲ.

ಇಂಜಿನ್ ಓಡಿಸಿ ರಾತ್ರಿಯಿಡೀ ತಣಿಯಲು ಬಿಟ್ಟ ಮರುದಿನ ಬೆಳಿಗ್ಗೆ ಅಜ್ಜಿ ಕನ್ನಡಕ ಏರಿಸಿ, ಸೆರಗು ಸಿಕ್ಕಿಸಿ, ಸ್ಟೂಲಿನ ಮೇಲೆ ನ್ಯಾಯಾಧೀಶೆಯಂತೆ ಕುಳಿತಳು. ಚಿಕ್ಕಪ್ಪ ತನಗೆ ಸಂಬಂಧವಿಲ್ಲದವನಂತೆ ಬಾಗಿಲಿಗೆ ಒರಗಿದ್ದ. “ಎಳಿ… ಎಳಿ… ಇನ್ನೊಂದೀಟು… ಹಾಂ, ಬಿಡು.” ಒಂಬತ್ತು ಬೋಲ್ಟು ಹೀಗೇ ಆದವು. ಹತ್ತನೆಯದಕ್ಕೆ ಅಪ್ಪನ ಮುಖ ಕೆಂಪಾಯಿತು, ನೆಲದ ಮೇಲೆ ಕಾಲು ಜಾರತೊಡಗಿತು.

“ಅವ್ವಾ, ಎಂಟು ಆತೇನು?” ಎಂದು ಅಜ್ಜಿಯನ್ನು ಕೇಳಿದ.

“ಎಂಟು ಆವಾಗ್ಲೇ ಆತು. ಎಳಿ.”

“ಆಗಿದ್ರ ಮತ್ಯಾಕ ಎಳೀಲಿ?”

“ಕೊಸರು ಬ್ಯಾಡೇನು? ಬರೇ ಎಂಟು ಕೊಟ್ರ ಮಂದಿ ಏನಂದಾರು? ಇದು ಕಡೀದು ಬ್ಯಾರೆ.”

ಅಪ್ಪ ಕೈ ಬಿಟ್ಟು ನಿಂತ. ಬಾಗಿಲ ಕಡೆಯಿಂದ ಚಿಕ್ಕಪ್ಪನ ದನಿ ಬಂತು: “ಹತ್ತಕ್ಕೂ ಕೊಟ್ಟೀಯೇನವ್ವಾ?”

“ಒಂದಕ್ಕ ಕೊಟ್ಟು ಒಂದಕ್ಕ ಬಿಟ್ರ ಪಾಪ ಬರಂಗಿಲ್ಲೇನಲೇ?”

ಚಿಕ್ಕಪ್ಪ ನಗುತ್ತ ನಗುತ್ತ ಹಳೇ ಟೈರಿನ ಮೇಲೆ ಕುಸಿದ. “ಅಣ್ಣಾ, ಇನ್ನೊಂದೀಟು ಎಳದಿದ್ರ ಇಂಜಿನ್ನಿಂದ ಹುಳಿ ಬರ್ತಿತ್ತು.” ಒಂದು ವರ್ಷದ ಮೇಲೆ ಅವನ ಬಾಯಿಂದ ಬಂದ ‘ಅಣ್ಣಾ’ ಅದು. ಅಪ್ಪ ಕೈ ಒರೆಸಿಕೊಳ್ಳುತ್ತ, “ನೀ ಬಂದು ನೋಡಿದ್ದಿದ್ರ ಇದೆಲ್ಲ ಯಾಕಾಗ್ತಿತ್ತಲೇ,” ಎಂದವನು ತಾನೂ ನಕ್ಕ. ಕಡೆಯದಕ್ಕೆ ಭಾಳ ಹೆಚ್ಚಾಗಿದೆ, ಬಿಚ್ಚಿ ಮತ್ತೆ ಬಿಗಿಯೋಣ ಎಂದ ಚಿಕ್ಕಪ್ಪ. ಅಪ್ಪ ಬಾನೆಟ್ ಮುಚ್ಚಿದ. “ಬ್ಯಾಡ. ಅವ್ವ ಕೊಟ್ಟಿದ್ದನ್ನ ವಾಪಸ್ ತಗೊಳ್ಳಾಕ ಬರಂಗಿಲ್ಲ.” ನನ್ನ ಅವ್ವ ಒಂದೇ ತಟ್ಟೆಯಲ್ಲಿ ಎರಡು ಲೋಟ ಚಹಾ ತಂದಳು.

ಪಂದ್ಯದಲ್ಲಿ ಕಾರು ನಾಲ್ಕನೆಯದಾಗಿ ಬಂತು. ಗ್ಯಾಸ್ಕೆಟ್ ಹಾರಲಿಲ್ಲ, ಆ ಹೆಡ್ಡನ್ನು ಮತ್ತೆಂದೂ ಬಿಚ್ಚಬೇಕಾಗಲಿಲ್ಲ, ಚಿಕ್ಕಪ್ಪ ಮೆಟ್ರಿಗೆ ಹೋಗಲಿಲ್ಲ. ಆಮೇಲಿನದು ಎಲ್ಲರ ಮನೆಯಲ್ಲೂ ಆಗುವಂಥದ್ದೇ: ಅಜ್ಜಿ ಹೋದಳು, ಅಪ್ಪ ಹೋದ, ಅವನ ಹಿಂದೆಯೇ ಅವಸರ ಇದ್ದವನಂತೆ ಚಿಕ್ಕಪ್ಪ. ಮನೆ ರಸ್ತೆ ಅಗಲೀಕರಣಕ್ಕೆ ಹೋಯಿತು. ಚಾಪೆ ಹಾಸುತ್ತಿದ್ದ ಪಡಸಾಲೆಯ ಮೇಲೆ ಈಗ ಲಾರಿಗಳು ಓಡುತ್ತವೆ. ಆ ಜಾಗ ದಾಟುವಾಗಲೆಲ್ಲ ನಾನು ಕಾರಿನ ಗಾಜು ಇಳಿಸುತ್ತೇನೆ. ಧೂಳು ಬರುತ್ತದೆ, ಹುಣಸೆಹಣ್ಣಿನ ವಾಸನೆ ಬರುವುದಿಲ್ಲ. ಈಗೆಲ್ಲ ಬೇಕಾದಷ್ಟೇ ಸಿಗುವ ಕಾಲ, ಟಕ್ ಎಂದರೆ ಮುಗಿಯಿತು. ತಕ್ಕ ತೂಕದ ಮೇಲೆ ಒಂದೀಟು ಹಾಕಿ ಕೊಟ್ಟವರ ನಡುವೆ ನಾನು ಬೆಳೆದೆ ಎಂಬುದು ಎಷ್ಟೋ ತಡವಾಗಿ ತಿಳಿಯಿತು.

ಮನೆ ಖಾಲಿ ಮಾಡುವಾಗ ಆ ಕಾರನ್ನು ಗುಜರಿಗೆ ಕೊಟ್ಟೆವು. ಗುಜರಿಯವನು ಅಂಗಳದಲ್ಲೇ ಕುಳಿತು ಹೆಡ್ಡು ಬಿಚ್ಚತೊಡಗಿದ. ಒಂಬತ್ತು ಬೋಲ್ಟು ಬಿಚ್ಚಿ ಬಂದವು. ಹತ್ತನೆಯದು ಬರಲಿಲ್ಲ, ಗ್ಯಾಸ್ ಕಟರ್ ತರಿಸಿ ಕತ್ತರಿಸಿದರು.