ಸಂಕಪ್ಪನವರು ಸೂರ್ ಪಟ್ಟಣದಲ್ಲಿ ಉಂಡ ದಿನ

ಮಸ್ಕತ್ತಿನ ಒಂದು ಹೋಟೆಲಿನ ಅಡುಗೆಮನೆಗೆ ಸಂಕಪ್ಪನವರು ಇಪ್ಪತ್ತೆಂಟು ವರ್ಷ ಮೀನು ಆರಿಸಿ ತಂದವರು. ಊರು ಉಚ್ಚಿಲ, ಮನೆಮಾತು ತುಳು. ಮಸ್ಕತ್ತಿನ ಅಲ್ ಗುಬ್ರಾ ಬಡಾವಣೆಯಲ್ಲಿ ನಾವು ಒಂದೇ ಕಟ್ಟಡದಲ್ಲಿದ್ದೆವು. ಅವರದು ಎರಡನೆಯ ಮಹಡಿ, ನನ್ನದು ಮೂರನೆಯದು. ಮೆಟ್ಟಿಲಿನಲ್ಲಿ ಎದುರಾದರೆ, "ಮಾಸ್ಟ್ರೇ, ನಿಮ್ಮಲ್ಲಿ ಇವತ್ತು ಹುರುಳಿ ಸಾರು. ಒಗ್ಗರಣೆಯ ಬೆಳ್ಳುಳ್ಳಿ ಸ್ವಲ್ಪ ಕರಂಚಿದೆ" ಎನ್ನುತ್ತಿದ್ದರು. ನಾನು ಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಹಾಗೆಯೇ ಇರುತ್ತಿತ್ತು.

ಹೋಟೆಲಿನವರೂ ಆ ಮೂಗನ್ನೇ ನಂಬಿದ್ದರು. ಮೀನಿನ ಕಣ್ಣು, ಕಿವಿರು ನೋಡಿ ಕೊಳ್ಳುವವರು ಬಹಳ ಮಂದಿ. ಆದರೆ ಮಂಜುಗಡ್ಡೆಯಲ್ಲಿ ಜಾಣತನದಿಂದ ಇಟ್ಟ ಮೀನು ಕಣ್ಣಿಗೆ ಸುಳ್ಳು ಹೇಳುತ್ತದೆ, ಮೂಗಿಗೆ ಹೇಳಲಾರದು.

ಹೋಟೆಲಿನ ಮ್ಯಾನೇಜರ್ ಆಂಡ್ರ್ಯೂ ಎಂಬವರು ರಜೆಯಲ್ಲಿ ಸ್ಪೇನ್ ದೇಶದ ಬಾಸ್ಕ್ ಸೀಮೆಗೆ ಹೋಗಿ, ಸಾನ್ ಸೆಬಾಸ್ಟಿಯನ್ ಎಂಬ ಕಡಲ ತಡಿಯ ಊರಿನಲ್ಲಿ ಒಂದು ದಿನವಿಡೀ ತಿಂದು ಬಂದರಂತೆ. ಅಲ್ಲಿ ಒಂದೇ ಕಡೆ ಕುಳಿತು ಹೊಟ್ಟೆ ತುಂಬಿಸುವುದಿಲ್ಲವಂತೆ. ಈ ಅಂಗಡಿಯಲ್ಲಿ ನಿಂತುಕೊಂಡೇ ಬ್ರೆಡ್ಡಿನ ಮೇಲಿಟ್ಟ ಒಂದು ತುಂಡು ಮೀನು, ನಾಲ್ಕು ಹೆಜ್ಜೆ ನಡೆದು ಮುಂದಿನ ಅಂಗಡಿಯಲ್ಲಿ ಇನ್ನೊಂದು. ಇಂಥ ತಿನಿಸನ್ನು ಒಮಾನಿನ ಮೀನಿನಲ್ಲಿ ಮಾಡಬೇಕೆಂದು ಅವರಿಗೆ ಹುಚ್ಚು ಹಿಡಿಯಿತು. ಸೂರ್ ಪಟ್ಟಣಕ್ಕೆ ಹೋಗಿ ನಾಲ್ಕು ಕಡೆ ರುಚಿ ನೋಡಿ ಬರೆದು ತರುವ ಕೆಲಸವನ್ನು ಸಂಕಪ್ಪನವರಿಗೂ ಅಡುಗೆಮನೆಯ ಆಶ್ಲೆಗೂ ಒಪ್ಪಿಸಿದರು. ಆಶ್ಲೆ ಮಂಗಳೂರಿನ ಕೊಂಕಣಿ ಹುಡುಗಿ, ಮಸ್ಕತ್ತಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. "ಸರ್, ಕಾರಲ್ಲಿ ಜಾಗ ಉಂಟು, ನೀವೂ ಬನ್ನಿ. ಬಿಟ್ಟಿ ಊಟ" ಎಂದಳು. ನಿವೃತ್ತನಿಗೆ ಬೇರೆ ಕೆಲಸವೇನಿತ್ತು? ಹೊರಟೆ.

ಬೆಳಿಗ್ಗೆ ಕಾರಿನ ಹತ್ತಿರ ಸಂಕಪ್ಪನವರ ಹೆಂಡತಿ ವಾರಿಜಾಕ್ಷಿಯವರು ನನ್ನನ್ನು ಪಕ್ಕಕ್ಕೆ ಕರೆದರು.

"ಮಾಸ್ಟ್ರೇ, ಆ ಜ್ವರ ಬಂದು ಹೋದ ಮೇಲೆ ಇವರ ಮೂಗಿಗೆ ಎಂತದೂ ಗೊತ್ತಾಗುದಿಲ್ಲ. ನಾಲ್ಕು ತಿಂಗಳಾಯ್ತು. ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ ಅಂತಾರೆ ಡಾಕ್ಟ್ರು. ಗುರ್ತದವರ ಹತ್ರ ಮಾತ್ರ ಮೀನು ತಗೊಂಡು ಹೇಗೋ ಸುಧಾರಿಸ್ತಾ ಇದ್ದಾರೆ. ಮುಂದಿನ ತಿಂಗಳು ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ಹೋಟೆಲಲ್ಲಿ ಗೊತ್ತಾದ್ರೆ ಖಲಾಸ್. ನೀವು ಸ್ವಲ್ಪ ಹತ್ರ ಇರಿ, ಆಯ್ತಾ?"

ಹತ್ತಿರ ಇದ್ದು ಏನು ಮಾಡಬೇಕು ಎಂದು ನಾನು ಕೇಳಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಖುರಿಯಾತ್ ಎಂಬ ಊರು ದಾಟಿದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಬೋಳು ಗುಡ್ಡ. ಸಂಕಪ್ಪನವರು ದಾರಿಯುದ್ದಕ್ಕೂ ತಮಾಷೆ ಮಾಡುತ್ತಿದ್ದರು. "ಆಶ್ಲೆ, ನಿಮ್ಮ ಸಾಹೇಬ್ರು ನಿಂತು ತಿನ್ಲಿಕ್ಕೆ ಸ್ಪೇನಿಗೆ ಹೋದ್ರು ಮಾರಾಯ್ತಿ! ಮದುವೆಮನೆಯಲ್ಲಿ ಬಫೆಯಂತ ಮಾಡಿದ ಮೇಲೆ ನಾವೆಲ್ಲ ನಿಂತೇ ತಿನ್ನುದಲ್ವಾ?"

"ಅಂಕಲ್, ಅದನ್ನೇ ಇಂಗ್ಲಿಷಲ್ಲಿ ಹೇಳಿದ್ರೆ ನಿಮ್ಮನ್ನೂ ಮ್ಯಾನೇಜರ್ ಮಾಡ್ತಾರೆ."

ಮೊದಲನೆಯ ಅಂಗಡಿಯಲ್ಲಿ ಹುರಿದ ಅಂಜಲ್ ಮೀನು. ಸಂಕಪ್ಪನವರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ, "ಒಣಲಿಂಬೆ ಮೊದಲು ಬರ್ತದೆ. ಆಮೇಲೆ ಜೀರಿಗೆ, ಹುರಿದದ್ದು. ಬರಿ" ಎಂದರು. ಆಶ್ಲೆ ತಿಂದು ನೋಡಿ, ತಲೆದೂಗಿ ಬರೆದಳು. ನಾನೂ ತಿಂದೆ, ಹೇಳಿದಂತೆಯೇ ಇತ್ತು. ಉಪ್ಪು, ಹುಳಿ, ಖಾರಗಳನ್ನು ಅವರ ನಾಲಿಗೆ ಹೇಳುತ್ತಿತ್ತು. ಉಳಿದದ್ದನ್ನೆಲ್ಲ ವರ್ಷಗಳ ಹಿಂದೆ ಅಲ್ಲಿಯೇ ತಿಂದ ನೆನಪು ಹೇಳುತ್ತಿತ್ತು.

ಎರಡನೆಯ ಅಂಗಡಿಯಲ್ಲಿ ನೆನಪು ಕೈಕೊಟ್ಟಿತು. ಕೆಂಡದ ಮೇಲೆ ಸುಟ್ಟ ಟ್ಯೂನಾ ಮೀನು ಬಂತು. "ಇಲ್ಲಿಯ ಗುಟ್ಟು ಲವಂಗ. ಎಷ್ಟು ಹದ ನೋಡು!" ಎಂದರು ಸಂಕಪ್ಪನವರು. ಆಶ್ಲೆಯ ಪೆನ್ನು ನಿಂತಿತು. ಆ ತುಂಡಿನಲ್ಲಿ ಲವಂಗವೇ ಇರಲಿಲ್ಲ, ಬರಿಯ ಬೆಳ್ಳುಳ್ಳಿ. ಒಲೆಯ ಮುಂದೆ ಇದ್ದವನು ಹೊಸಬ. ಹಳೆಯ ಅಡುಗೆಯವನು ಬಿಟ್ಟುಹೋಗಿ ವರ್ಷವಾಯಿತೆಂದು ಆಮೇಲೆ ತಿಳಿಯಿತು.

"ಲವಂಗವಾ ಅಂಕಲ್?" ಎಂದು ಕೇಳಿ ಅವಳು ನನ್ನ ಮುಖ ನೋಡಿದಳು.

ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಪಿಸುಗುಟ್ಟಿದವರನ್ನು ಎಬ್ಬಿಸಿ ನಿಲ್ಲಿಸಿದ ನಾನು, "ಇದೆಯಮ್ಮ, ಸ್ವಲ್ಪ ಇದೆ, ಕೊನೆಗೆ ಬರುತ್ತದೆ" ಎಂದುಬಿಟ್ಟೆ. ಅವಳು ನಿಧಾನವಾಗಿ ಬರೆದುಕೊಂಡಳು. ಸಂಕಪ್ಪನವರು ನನ್ನ ಕಡೆಗೆ ನೋಡಲಿಲ್ಲ. ನೀರು ಕುಡಿದರು, ಮತ್ತೆ ಕುಡಿದರು.

ಮೂರನೆಯದು ಮೀನಿನ ಮಾರುಕಟ್ಟೆ. ಮರುದಿನ ಅಡುಗೆಮನೆಯಲ್ಲಿ ಮಾಡಿ ನೋಡಲು ಒಂದು ಟ್ಯೂನಾ ಕೊಳ್ಳಬೇಕಿತ್ತು. ಅಲ್ಲಿ ಫಾಹಿಮ್ ಎಂಬ ವ್ಯಾಪಾರಿ ಸಂಕಪ್ಪನವರ ಇಪ್ಪತ್ತು ವರ್ಷದ ಗೆಳೆಯ. ಅವರಿಬ್ಬರಲ್ಲಿ ಒಂದು ಆಟವಿತ್ತು. ಸಂಕಪ್ಪನವರೇ ನಕ್ಕು ನಕ್ಕು ನನಗೆ ಹೇಳಿದ್ದರು. ಫಾಹಿಮ್ ಮೊದಲು ಒಮ್ಮೆ ಒಳ್ಳೆಯ ಮೀನು, ಒಮ್ಮೆ ಹಾಳಾದ ಮೀನು ಎತ್ತಿ ಕೊಡುವುದು; ಯಾವುದೆಂದು ಮೂಸದೆ ಗೊತ್ತಾಗುವಂತಿಲ್ಲ. ಹಾಳಾದದ್ದಾದರೆ ಇವರು ಮೂಸಿ, ತುಳುವಿನಲ್ಲಿ ಅವನ ಏಳು ತಲೆಮಾರನ್ನು ಬೈದು, ಮೀನನ್ನು ಹಿಂದಕ್ಕೆ ಎಸೆಯುವುದು. ಆಮೇಲೆ ಇಬ್ಬರೂ ನಕ್ಕು, ಒಳಗಿಟ್ಟ ಒಳ್ಳೆಯ ಮೀನು ಹೊರಗೆ ಬರುವುದು. ಬೈಗುಳ ತಿನ್ನದ ದಿನ ಫಾಹಿಮನಿಗೆ ವ್ಯಾಪಾರ ಹಿಡಿಸುತ್ತಿರಲಿಲ್ಲ.

ಅಂದೂ ಅವನು, "ಆವೋ ಸಂಕಪ್ಪ ಭಾಯಿ!" ಎಂದು ಒಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಎರಡು ಮಾರು ದೂರ ನಿಂತಿದ್ದ ನನ್ನ ಮೂಗಿಗೇ ಅದರ ನಾತ ಬಡಿಯಿತು. ಸಂಕಪ್ಪನವರು ಕಿವಿರು ಎತ್ತಿ ನೋಡಿದರು, ಕೆಂಪಾಗಿತ್ತು. ಬೆರಳಿನಿಂದ ಒತ್ತಿದರು. ಮೂಗಿನ ಹತ್ತಿರ ತಂದು ಬಹಳ ಹೊತ್ತು ಉಸಿರೆಳೆದರು. ಎಷ್ಟು ಆಳವಾಗಿ ಎಳೆದರೆಂದರೆ ಅವರ ಭುಜಗಳು ಮೇಲೆದ್ದವು. ನಾನು ಕೆಮ್ಮಿದೆ. ಅವರು ತಿರುಗಲಿಲ್ಲ.

"ಒಳ್ಳೇದುಂಟು" ಎಂದರು. "ಆಶ್ಲೆ, ಇದನ್ನೇ ತಗೊಳ್ಳುವ."

ಫಾಹಿಮ್ ಬೈಗುಳಕ್ಕಾಗಿ ಹಲ್ಲು ಬಿಟ್ಟುಕೊಂಡೇ ನಿಂತಿದ್ದ. ಆ ನಗು ಅವನ ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಮುಂದೆ ಬಂದು, ಸಂಕಪ್ಪನವರ ಕೈಯಿಂದ ಮೀನನ್ನು ತೆಗೆದುಕೊಂಡು ಹಲಗೆಯ ಕೆಳಗೆ ಇಟ್ಟ. "ಕ್ಯಾ ಹುವಾ, ಭಾಯಿ?" ಎಂದು ಬಹಳ ಮೆಲ್ಲಗೆ ಕೇಳಿದ.

ಸಂಕಪ್ಪನವರಿಗೆ ಆಗ ತಿಳಿಯಿತು. ಖಾಲಿಯಾದ ಕೈಗಳನ್ನು ಹಾಗೆಯೇ ಹಿಡಿದುಕೊಂಡು ನಿಂತರು.

"ಆಶ್ಲೆ, ನೀನೇ ಮೂಸಿ ತಗೋ. ನನಗೆ ಗೊತ್ತಾಗುದಿಲ್ಲ."

"ಎಷ್ಟು ದಿನದಿಂದ ಅಂಕಲ್?"

"ನಾಲ್ಕು ತಿಂಗಳು."

"ಮತ್ತೆ ನಮಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?" ಅವಳ ದನಿ ಏರಿತು. ಆದರೆ ಉತ್ತರ ಅವಳಿಗೇ ಗೊತ್ತಿತ್ತು. ಫಾಹಿಮ್ ಒಳಗಿನಿಂದ ತಂದ ಮೀನನ್ನು ಅವಳು ಮೂಸಿದಳು, ಒಪ್ಪಿದಳು.

ಹಿಂದಿರುಗೋಣ ಎಂದೆ ನಾನು. ಸಂಕಪ್ಪನವರು ಕೇಳಲಿಲ್ಲ. "ನಾಲ್ಕು ಕಡೆ ಅಂತ ಹೇಳಿ ಕಳಿಸಿದ್ದು, ನಾಲ್ಕು ಕಡೆ ತಿನ್ನುವ" ಎಂದು ತಾವೇ ಮುಂದೆ ನಡೆದರು. ನಾಲ್ಕನೆಯ ಅಂಗಡಿಯಲ್ಲಿ ಒಣಗಿದ ಶಾರ್ಕ್ ಮೀನಿನ ಪಲ್ಯ, ಅನ್ನ. ಅವರು ಒಂದು ತುತ್ತು ತಿಂದು, "ಉಪ್ಪು ಸರಿ ಉಂಟು. ಮತ್ತೆ ಎಂತ ಉಂಟು ಹೇಳು" ಎಂದರು.

ಆಶ್ಲೆ ಹೇಳಿದಳು. ಈರುಳ್ಳಿ, ಅರಿಸಿನ, ಏನೋ ಹೊಗೆಯಂತಹದು.

"ಕಟ್ಟಿಗೆಯ ಹೊಗೆಯಾ, ಮೀನು ಒಣಗಿದ ವಾಸನೆಯಾ? ಸರಿಯಾಗಿ ನೋಡು."

ಅವಳು ಇನ್ನೊಂದು ತುತ್ತು ತಿಂದಳು. ಕಣ್ಣು ತುಂಬಿತ್ತು. "ಗೊತ್ತಾಗುದಿಲ್ಲ ಅಂಕಲ್."

"ಹಾಗಾದ್ರೆ ಹಾಗೇ ಬರಿ. ಆ ಲವಂಗ ಹೊಡೆದು ಹಾಕು." ಇನ್ನೊಂದು ತುತ್ತು ಕಲಸುತ್ತಾ, "ನನ್ನ ಮೂಗಿನದೂ ಬರಿ" ಎಂದರು.

"ಬರೆಯದಿದ್ರೆ ಆಗುದಿಲ್ವಾ ಸರ್?" ಎಂದು ಅವಳು ನನ್ನನ್ನು ಕೇಳಿದಳು.

"ಅವರನ್ನು ಯಾಕೆ ಕೇಳ್ತಿ? ನಾಳೆ ಯಾರದೋ ಮಗು ಅಂಥಾ ಮೀನು ತಿಂದು ಮಲಗಿದ್ರೆ?" ಎಂದರು ಸಂಕಪ್ಪನವರು. "ಬರಿ ಮಗಾ."

ಅವಳು ಬರೆದಳು. ಮೂರೇ ಸಾಲು, ಆದರೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸಂಕಪ್ಪನವರು ತಟ್ಟೆಯ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡು ಮುಗಿಸಿದರು. ಮುಂದಿನ ತಿಂಗಳು ಅವರ ಕರಾರು ಮುಂದುವರಿಯಲಿಲ್ಲ.